ಹೊರಗಿನವರೆಂಬ ನೆಪ: ಸಂದರ್ಶನ ಮತ್ತು ಕ್ಲೈಂಟ್ ಸಭೆಗಳಲ್ಲಿ ಅನುಚಿತ ವರ್ತನೆ

ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಲೈಂಗಿಕ ಕಿರುಕುಳ ತಡೆಯ ತರಬೇತಿ ಈಗ ವಾಡಿಕೆಯ ಕೆಲಸವಾಗಿದೆ. ಹೊಸದಾಗಿ ಸೇರಿದವರು ಲ್ಯಾಪ್‌ಟಾಪ್ ಕೈಗೆ ಬಂದ ಕೆಲವೇ ದಿನಗಳಲ್ಲಿ ‘ಪೋಶ್’ ಪಾಠವನ್ನು ನೋಡಿ, ಕೊನೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ, ಪ್ರಮಾಣಪತ್ರ ಪಡೆಯುತ್ತಾರೆ. ಆ ಪಾಠಗಳಲ್ಲಿ ಬರುವ ಉದಾಹರಣೆಗಳು ಹೆಚ್ಚಾಗಿ ಒಂದೇ ಸಂಸ್ಥೆಯ ಇಬ್ಬರ ನಡುವಿನವು: ಮ್ಯಾನೇಜರ್ ಮತ್ತು ಅವರ ಕೈಕೆಳಗಿನವರು, ಅಕ್ಕಪಕ್ಕದ ಮೇಜಿನ ಸಹೋದ್ಯೋಗಿಗಳು. ಸಂಸ್ಥೆಯ ಬಾಗಿಲಲ್ಲೇ ನಡೆಯುವ ಎರಡು ಭೇಟಿಗಳು ಈ ಚಿತ್ರದಿಂದ ಬಿಟ್ಟುಹೋಗುತ್ತವೆ. ಸಂದರ್ಶನಕ್ಕೆ ಬಂದ ಅಭ್ಯರ್ಥಿ ಇನ್ನೂ ಒಳಗಿನವಳಾಗಿಲ್ಲ. ಸಭೆಯಲ್ಲಿ ಎದುರು ಕುಳಿತ ಕ್ಲೈಂಟ್ ಎಂದಿಗೂ ಒಳಗಿನವನಾಗುವುದಿಲ್ಲ. ಒಂದು ಕಡೆ ನೊಂದವಳು ಹೊರಗಿನವಳು, ಇನ್ನೊಂದು ಕಡೆ ನೋಯಿಸಿದವನು ಹೊರಗಿನವನು. ಹಾಗಾಗಿ ಎರಡೂ ಕಡೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಸಂಸ್ಥೆ ಕೈತೊಳೆದುಕೊಳ್ಳುವುದು ಸುಲಭವಾಗಿದೆ. ಕಾನೂನು ಮಾತ್ರ ಈ ನೆಪಕ್ಕೆ ಎಲ್ಲಿಯೂ ಜಾಗ ಕೊಟ್ಟಿಲ್ಲ.

2013ರ ಡಿಸೆಂಬರ್ 9ರಂದು ಜಾರಿಗೆ ಬಂದ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯ್ದೆಯು ‘ನೊಂದ ಮಹಿಳೆ’ ಯಾರು ಎಂದು ವಿವರಿಸುವಾಗ, ಆಕೆ ಯಾವುದೇ ವಯಸ್ಸಿನವಳಾಗಿರಬಹುದು, ಅಲ್ಲಿ ನೌಕರಿಯಲ್ಲಿರಬಹುದು ಅಥವಾ ಇಲ್ಲದಿರಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಸಂದರ್ಶನಕ್ಕೆ ಬಂದ ಅಭ್ಯರ್ಥಿ, ಸಭೆಗೆ ಬಂದ ಬೇರೆ ಕಂಪನಿಯ ಪ್ರತಿನಿಧಿ, ಮಾಹಿತಿ ಕೇಳಲು ಬಂದ ಗ್ರಾಹಕಿ, ಇವರೆಲ್ಲರೂ ಈ ಒಂದು ಮಾತಿನಿಂದಲೇ ಕಾಯ್ದೆಯ ರಕ್ಷಣೆಗೆ ಬರುತ್ತಾರೆ. ಕೆಲಸದ ಸ್ಥಳದ ವ್ಯಾಖ್ಯೆಯೂ ಕಚೇರಿಯ ಗೋಡೆಗಳಿಗೆ ಸೀಮಿತವಾಗಿಲ್ಲ. ಕೆಲಸದ ನಿಮಿತ್ತ ನೌಕರರು ಹೋಗುವ ಯಾವುದೇ ಜಾಗ, ಸಂಸ್ಥೆಯೇ ಒದಗಿಸಿದ ವಾಹನ, ಇವೆರಡೂ ಅದರೊಳಗೆ ಬರುತ್ತವೆ. ಕೆಲಸ ಕೊಡಿಸುವ ಆಮಿಷವಾಗಲಿ, ಕೈತಪ್ಪಿಸುವ ಬೆದರಿಕೆಯಾಗಲಿ, ಬಾಯಿಬಿಟ್ಟು ಹೇಳದೆ ಸೂಚಿಸಿದ್ದರೂ ಸಾಕು ಎನ್ನುವ ಮೂರನೆಯ ಕಲಮು ‘ಈಗಿನ ಅಥವಾ ಮುಂದಿನ ಉದ್ಯೋಗ’ ಎಂಬ ಎರಡೂ ಕಾಲಗಳನ್ನು ಹೆಸರಿಸಿದೆ. ಮುಂದೆ ಸಿಗಬಹುದಾದ ಉದ್ಯೋಗದ ಬಲದಿಂದಲೇ ನಡೆಯುವ ಸಂದರ್ಶನಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಈ ತಿಳಿವಳಿಕೆ ಕಾಯ್ದೆಗಿಂತಲೂ ಹಳೆಯದು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟ 1997ರ ವಿಶಾಖಾ ತೀರ್ಪು ಬಂದು ಎರಡು ವರ್ಷ ತುಂಬುವ ಮೊದಲೇ, 1999ರಲ್ಲಿ, ಉಡುಪು ರಫ್ತು ಉತ್ತೇಜನಾ ಮಂಡಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅಧಿಕಾರಿಯೊಬ್ಬನ ವಜಾವನ್ನು ಎತ್ತಿಹಿಡಿಯಿತು. ಆತ ಟೈಪ್ ಮಾಡಿಸುವ ಕೆಲಸವಿದೆಯೆಂದು ಮಹಿಳಾ ಸಿಬ್ಬಂದಿಯನ್ನು ದೆಹಲಿಯ ಹೋಟೆಲೊಂದರ ಬ್ಯುಸಿನೆಸ್ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದ. ಮೈ ಮುಟ್ಟಿದ್ದು ಸಾಬೀತಾಗಿಲ್ಲ, ಬರೀ ಪ್ರಯತ್ನ ಮಾಡಿದ ಎಂಬ ಕಾರಣಕ್ಕೆ ಹೈಕೋರ್ಟ್ ಆತನಿಗೆ ತೋರಿದ್ದ ರಿಯಾಯಿತಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಚೇರಿಯ ಹೊರಗೆ, ಹೋಟೆಲಿನಲ್ಲಿ, ಸ್ಪರ್ಶವಿಲ್ಲದೆ ನಡೆದದ್ದೂ ಕಿರುಕುಳವೇ ಎಂದು ಇತ್ಯರ್ಥವಾಗಿ ಕಾಲು ಶತಮಾನ ಕಳೆದಿದೆ.

ಹಾಗಿದ್ದರೂ ಕೆಲಸ ಹುಡುಕುವವರಿಗೆ ಈ ರಕ್ಷಣೆ ಏಕೆ ತಲುಪುತ್ತಿಲ್ಲ? ಮೊದಲ ಕಾರಣ ಬಹಳ ಸರಳವಾದದ್ದು: ದೂರನ್ನು ಯಾರಿಗೆ ಕೊಡಬೇಕೆಂಬುದೇ ಆಕೆಗೆ ಗೊತ್ತಿರುವುದಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿ ಕಚೇರಿಯಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಒಬ್ಬ ಸದಸ್ಯರು ಹೊರಗಿನವರಾಗಿರಬೇಕು. ರಾಜ್ಯದ ಐಟಿ ಮತ್ತು ಐಟಿ ಆಧಾರಿತ ಸಂಸ್ಥೆಗಳಿಗೆ, ನೌಕರರ ಸೇವಾ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುವ ಸ್ಥಾಯೀ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗ ಕರ್ನಾಟಕ ಸರ್ಕಾರ ವಿಧಿಸಿದ್ದ ಷರತ್ತುಗಳಲ್ಲಿ ಇಂಥ ಸಮಿತಿಯ ರಚನೆಯೂ ಸೇರಿತ್ತು. ಸಮಿತಿ ಇರುತ್ತದೆ, ಅದರ ಸದಸ್ಯರ ಹೆಸರೂ ಗೋಡೆಯ ಮೇಲಿರುತ್ತದೆ. ಆದರೆ ಆ ಗೋಡೆ ಇರುವುದು ಐಡಿ ಕಾರ್ಡ್ ತೋರಿಸಿ ಒಳಹೋದವರಿಗೆ ಕಾಣುವ ಜಾಗದಲ್ಲಿ. ಸಮಿತಿಯ ಮಿಂಚಂಚೆ ವಿಳಾಸ ಇರುವುದು ನೌಕರರಷ್ಟೇ ತೆರೆಯಬಲ್ಲ ಒಳಜಾಲದಲ್ಲಿ. ಮಾನ್ಯತಾ ಟೆಕ್ ಪಾರ್ಕಿನ ಸ್ವಾಗತ ಕೋಣೆಯಲ್ಲಿ ವಿಸಿಟರ್ ಪಾಸ್ ಹಿಂದಿರುಗಿಸಿ ಹೊರಬಂದ ಯುವತಿಯ ಕೈಯಲ್ಲಿ ಎಚ್‌ಆರ್ ಒಬ್ಬರ ಮೊಬೈಲ್ ಸಂಖ್ಯೆಯ ಹೊರತು ಬೇರೇನೂ ಉಳಿದಿರುವುದಿಲ್ಲ, ಎಷ್ಟೋ ಸಲ ತನ್ನನ್ನು ಸಂದರ್ಶಿಸಿದವರ ಪೂರ್ಣ ಹೆಸರೂ ಆಕೆಗೆ ತಿಳಿದಿರುವುದಿಲ್ಲ.

ಚಿಕ್ಕ ಸಂಸ್ಥೆಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳ ನವೋದ್ಯಮಗಳಲ್ಲಿ ಸಂದರ್ಶನ ಮಾಡುವವರು ಹಲವು ಸಲ ಸಂಸ್ಥಾಪಕರೇ ಆಗಿರುತ್ತಾರೆ. ಭೇಟಿ ಕಾಫಿ ಅಂಗಡಿಯಲ್ಲೋ, ಮನೆಯನ್ನೇ ಕಚೇರಿ ಮಾಡಿಕೊಂಡ ಮಹಡಿಯಲ್ಲೋ ನಡೆಯುತ್ತದೆ. ಕೆಲಸಗಾರರು ಹತ್ತಕ್ಕಿಂತ ಕಡಿಮೆಯಿದ್ದರೆ ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ ಆಕೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಇಂಥ ಸಮಿತಿಯೊಂದು ಪ್ರತಿ ಜಿಲ್ಲೆಯಲ್ಲೂ ಇರಬೇಕೆಂದು ಕಾಯ್ದೆ ಹೇಳಿ ಸುಮಾರು ಹತ್ತು ವರ್ಷವಾದ ಮೇಲೂ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಒಮ್ಮೆ, 2024ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ರಾಜ್ಯಗಳಿಗೆ ಆದೇಶ ಕೊಡಬೇಕಾಯಿತು ಎಂಬುದೇ ಪರಿಸ್ಥಿತಿಯನ್ನು ತಿಳಿಸುತ್ತದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ‘ಶೀ-ಬಾಕ್ಸ್’ ಜಾಲತಾಣವು 2017ರಲ್ಲಿ ಆರಂಭವಾಗಿ 2024ರಲ್ಲಿ ಹೊಸ ರೂಪ ಪಡೆದಿದ್ದು, ಅಲ್ಲಿ ಖಾಸಗಿ ಸಂಸ್ಥೆಗಳ ಮೇಲೂ ದೂರು ದಾಖಲಿಸಬಹುದು. ಯಾವ ಸಮಿತಿಯ ಬಾಗಿಲು ತಟ್ಟಬೇಕೆಂದು ಗೊತ್ತಿಲ್ಲದ ಅಭ್ಯರ್ಥಿಗೆ ಅದೇ ಮೊದಲ ಮೆಟ್ಟಿಲಾಗಬಹುದು.

ಸಂದರ್ಶನದಲ್ಲಿ ಕೇಳುವ ಅನುಚಿತ ಪ್ರಶ್ನೆಗಳೆಲ್ಲ ಲೈಂಗಿಕ ಕಿರುಕುಳವಾಗುವುದಿಲ್ಲ. ಈ ಎರಡನ್ನು ಬೇರೆಬೇರೆಯಾಗಿಯೇ ನೋಡಬೇಕು. ಒಂದಕ್ಕೆ ಸಮಿತಿ ಇದೆ, ಇನ್ನೊಂದಕ್ಕೆ ಬೇರೆ ಕಾನೂನು ಇದೆ. “ಮದುವೆ ಆಗಿದೆಯಾ? ಗಂಡ ಎಲ್ಲಿ ಕೆಲಸ ಮಾಡ್ತಾರೆ? ರಾತ್ರಿ ಲೇಟಾದ್ರೆ ಮನೇಲಿ ಏನೂ ಅನ್ನಲ್ವಾ? ಮಗು ಪ್ಲಾನ್ ಇದೆಯಾ?” ಎಂಬ ಪ್ರಶ್ನೆಗಳು ಈ ನಗರದಲ್ಲಿ ಎಷ್ಟು ಸಾಮಾನ್ಯವೆಂದರೆ, ಕೇಳುವವರಿಗೆ ಅವು ತಪ್ಪೆಂದೇ ಅನ್ನಿಸುವುದಿಲ್ಲ. ಹೆರಿಗೆ ರಜೆಯನ್ನು 26 ವಾರಗಳಿಗೆ ಹೆಚ್ಚಿಸಿದ 2017ರ ತಿದ್ದುಪಡಿಯ ಪೂರ್ತಿ ವೆಚ್ಚವನ್ನು ಉದ್ಯೋಗದಾತರ ಮೇಲೆಯೇ ಬಿಟ್ಟದ್ದರಿಂದ, ಮದುವೆಯಾದ ಹೊಸದರಲ್ಲಿರುವ ಹೆಣ್ಣುಮಕ್ಕಳನ್ನು ಖರ್ಚಿನ ಲೆಕ್ಕದಲ್ಲಿ ನೋಡುವ ಪ್ರವೃತ್ತಿಗೆ ಇನ್ನಷ್ಟು ಬಲ ಬಂದಿತೆಂದೇ ನನ್ನ ಅನಿಸಿಕೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಶ್ರೀಪೆರಂಬುದೂರಿನ ಐಫೋನ್ ಜೋಡಣಾ ಘಟಕದಲ್ಲಿ ವಿವಾಹಿತ ಮಹಿಳೆಯರನ್ನು ನೇಮಕದಿಂದ ದೂರವಿಡಲಾಗುತ್ತಿದೆ ಎಂಬ ವರದಿ ಬಂದಾಗ ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯ ಸರ್ಕಾರದಿಂದ ವಿವರ ಕೇಳಿತ್ತು.

ಈ ಬಗೆಯ ಪ್ರಶ್ನೆಗಳ ಮಟ್ಟಿಗೆ ನೆನಪಿಡಬೇಕಾದ ತೀರ್ಪು 1991ರದು. ಭಾರತೀಯ ಜೀವ ವಿಮಾ ನಿಗಮವು ಆಗ ಮಹಿಳಾ ಅಭ್ಯರ್ಥಿಗಳಿಗೆ ಕೊಡುತ್ತಿದ್ದ ಘೋಷಣಾ ಪತ್ರದಲ್ಲಿ ಮುಟ್ಟಿನ ದಿನಗಳು, ಹಿಂದಿನ ಗರ್ಭಧಾರಣೆಗಳು, ಗರ್ಭಪಾತದ ವಿವರಗಳನ್ನೆಲ್ಲ ತುಂಬಬೇಕಿತ್ತು. ಸರಿಯಾದ ಮಾಹಿತಿ ಕೊಡಲಿಲ್ಲವೆಂದು ಪ್ರೊಬೇಷನ್ ಅವಧಿಯಲ್ಲಿಯೇ ಕೆಲಸ ಕಳೆದುಕೊಂಡ ಉದ್ಯೋಗಿಯೊಬ್ಬರ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಆ ಪ್ರಶ್ನೆಗಳನ್ನು ಮುಜುಗರ ತರುವಂಥವು, ಅವಮಾನಕರವಾದವು ಎಂದು ಕರೆದು, ಪತ್ರದಿಂದ ತೆಗೆದುಹಾಕುವಂತೆ ಹೇಳಿ, ಆಕೆಯನ್ನು ಮತ್ತೆ ಕೆಲಸಕ್ಕೆ ಸೇರಿಸಿತು. ಮುದ್ರಿತ ಪತ್ರದಲ್ಲಿ ಕೇಳಬಾರದ್ದನ್ನು ಬಾಯಿಮಾತಿನಲ್ಲಿ ಕೇಳಿದರೆ ಸರಿಯಾಗುವುದು ಹೇಗೆ? 1976ರ ಸಮಾನ ಸಂಭಾವನೆ ಕಾಯ್ದೆ ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಆ ನಿಷೇಧವನ್ನು ಮುಂದುವರಿಸಿದೆ.

ಇಂಥ ಪ್ರಶ್ನೆ ಬಂದಾಗ ಏನು ಹೇಳಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಪ್ರಶ್ನೆಯ ಹಿಂದೆ ಕೆಲಸಕ್ಕೆ ಸಂಬಂಧಪಟ್ಟ ಚಿಂತೆಯೇನಾದರೂ ಇದ್ದರೆ ಅದಕ್ಕಷ್ಟೇ ಉತ್ತರಿಸುವುದು ಹಲವರಿಗೆ ಸಾಧ್ಯವಾಗುವ ದಾರಿ: “ಸರ್, ಈ ಕೆಲಸಕ್ಕೆ ಯಾವ ಪಾಳಿ, ಎಷ್ಟು ಪ್ರಯಾಣ ಇದೆ ಅಂತ ಹೇಳಿ. ನನ್ನಿಂದ ಆಗುತ್ತೋ ಇಲ್ಲವೋ ಈಗಲೇ ಹೇಳ್ತೀನಿ.” ಈ ಉತ್ತರ ಮನೆಯ ವಿಷಯವನ್ನು ಮೇಜಿನ ಮೇಲೆ ಇಡುವುದಿಲ್ಲ, ಸಂದರ್ಶನವನ್ನೂ ಕೆಡಿಸುವುದಿಲ್ಲ. ಆದರೆ ಪ್ರಶ್ನೆ ಮೈಕಟ್ಟಿನ ಬಗ್ಗೆ, ಪ್ರೇಮ ಸಂಬಂಧದ ಬಗ್ಗೆ, ‘ಸಂಜೆ ಹೊರಗೆಲ್ಲಾದರೂ ಕೂತು ಮಾತಾಡೋಣ’ ಎಂಬ ಆಹ್ವಾನದ ಬಗ್ಗೆ ತಿರುಗಿದ ಕೂಡಲೇ ವಿಷಯ ಬದಲಾಗುತ್ತದೆ. ಆಗ “ಇದು ಈ ಕೆಲಸಕ್ಕೆ ಸಂಬಂಧಿಸಿದ ಮಾತಲ್ಲ, ನಾನು ಇಲ್ಲಿಗೆ ನಿಲ್ಲಿಸುತ್ತೇನೆ” ಎಂದು ಎದ್ದುಬರುವ ಹಕ್ಕು ಆಕೆಗಿದೆ. ಹಾಗೆಂದು ಎದ್ದುಬರಲೇಬೇಕೆಂದು ಹೇಳುವುದು ಅನ್ಯಾಯ. ಹಾಸನದಿಂದಲೋ ಕಲಬುರಗಿಯಿಂದಲೋ ಬಂದು, ಪಿಜಿಯ ಬಾಡಿಗೆ ಕಟ್ಟುತ್ತಾ, ಮೊದಲ ಕೆಲಸಕ್ಕಾಗಿ ತಿಂಗಳುಗಟ್ಟಲೆ ವಾಕ್-ಇನ್‌ಗಳಿಗೆ ಅಲೆದವಳು ಆ ಕ್ಷಣದಲ್ಲಿ ಸುಮ್ಮನೆ ಕುಳಿತರೆ ಅದು ಒಪ್ಪಿಗೆಯಲ್ಲ, ದೌರ್ಬಲ್ಯವೂ ಅಲ್ಲ. ಕಾಯ್ದೆ ನೋಡುವುದು ಆ ವರ್ತನೆ ಆಕೆಗೆ ಬೇಡವಾಗಿತ್ತೇ ಎಂಬುದನ್ನು. ಆಕೆ ಆ ಕ್ಷಣದಲ್ಲೇ ಎದುರುತ್ತರ ಕೊಟ್ಟಿರಬೇಕೆಂದು ಅದು ಕೇಳುವುದಿಲ್ಲ.

ಹಾಗಾಗಿ ಧೈರ್ಯದ ಪಾಠಕ್ಕಿಂತ ಮುಖ್ಯವಾದದ್ದು ನಂತರದ ಕೆಲವು ಗಂಟೆಗಳ ಕೆಲಸ. ಅದೇ ಸಂಜೆ, ಆಡಿದ ಮಾತುಗಳನ್ನು ಆಡಿದ ಭಾಷೆಯಲ್ಲೇ, ಸಮಯ, ಜಾಗ, ಕೋಣೆಯಲ್ಲಿದ್ದವರ ವಿವರಗಳೊಂದಿಗೆ ಬರೆದಿಟ್ಟುಕೊಳ್ಳಬೇಕು. ಅದನ್ನು ತನಗೇ ಮಿಂಚಂಚೆಯಾಗಿ ಕಳಿಸಿಕೊಂಡರೆ ದಿನಾಂಕ ತಾನಾಗಿಯೇ ದಾಖಲಾಗುತ್ತದೆ. ನಂಬಿಕೆಯ ಒಬ್ಬರಿಗಾದರೂ ಅಂದೇ ಹೇಳಬೇಕು, ಏಕೆಂದರೆ ಹೊರಗಿನ ಸಾಕ್ಷಿ ಇಲ್ಲದ ಪ್ರಕರಣಗಳಲ್ಲಿ ‘ಆಕೆ ಅದೇ ದಿನ ನನಗೆ ಹೇಳಿದ್ದಳು’ ಎಂಬ ಹೇಳಿಕೆಗೆ ತೂಕವಿರುತ್ತದೆ. ಸಂದರ್ಶನದ ಕರೆಪತ್ರ, ಕನ್ಸಲ್ಟೆನ್ಸಿಯ ಸಂದೇಶ, ಆನ್‌ಲೈನ್ ಸಭೆಯ ಕೊಂಡಿ, ಕಟ್ಟಡದ ವಿಸಿಟರ್ ನೋಂದಣಿಯ ಒಟಿಪಿ ಸಂದೇಶ, ಯಾವುದನ್ನೂ ಅಳಿಸಬಾರದು. ಸಿಟ್ಟಿನಲ್ಲಿ ವಾಟ್ಸ್ಆ್ಯಪ್ ಮಾತುಕತೆಯನ್ನು ಅಳಿಸಿ ಸಂಖ್ಯೆಯನ್ನು ಬ್ಲಾಕ್ ಮಾಡಿಬಿಡುವವರು ಹಲವರು. ಬ್ಲಾಕ್ ಮಾಡಲಿ, ಅಳಿಸುವುದು ಬೇಡ. ಸಮಿತಿಯ ವಿಚಾರಣೆಗೆ ಕ್ರಿಮಿನಲ್ ನ್ಯಾಯಾಲಯದಷ್ಟು ಕಟ್ಟುನಿಟ್ಟಾದ ಪುರಾವೆ ಬೇಕಾಗಿಲ್ಲ, ಯಾರ ಮಾತು ಹೆಚ್ಚು ಸಂಭವನೀಯ ಎಂಬುದು ಸಾಕು. ದೂರನ್ನು ಮಾತ್ರ ಘಟನೆಯಾದ ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಸಂದರ್ಶನದ ಫಲಿತಾಂಶಕ್ಕಾಗಿ ಕಾಯುತ್ತಾ ಈ ಅವಧಿ ಕೈತಪ್ಪಿಹೋಗಬಾರದು.

ಕ್ಲೈಂಟ್ ಸಭೆಯ ಸಂಗತಿ ಬೇರೆ ಬಗೆಯದು. ಇಲ್ಲಿ ಆಕೆ ಒಬ್ಬಳೇ ಅಲ್ಲ. ಆಕೆಯ ಹಿಂದೆ ಒಂದು ಸಂಸ್ಥೆ ಇದೆ, ಪಕ್ಕದಲ್ಲಿ ಬಹುಶಃ ಆಕೆಯ ಮ್ಯಾನೇಜರ್ ಕುಳಿತಿರುತ್ತಾರೆ. ಆದರೆ ಎದುರಿಗಿರುವವನು ಹಣ ಕೊಡುವವನು. ಬೆಂಗಳೂರಿನ ಸೇವಾ ಉದ್ಯಮ ನಿಂತಿರುವುದೇ ಬೇರೆಯವರ ಪ್ರಾಜೆಕ್ಟುಗಳ ಮೇಲೆ. ಸಾಫ್ಟ್‌ವೇರ್ ಮಾತ್ರವಲ್ಲ, ಜಾಹೀರಾತು, ಒಳಾಂಗಣ ವಿನ್ಯಾಸ, ವಿಮೆ, ಔಷಧ ಮಾರಾಟ, ಅಪಾರ್ಟ್‌ಮೆಂಟ್ ಮಾರಾಟ, ಎಲ್ಲೆಡೆಯೂ ತಿಂಗಳ ಟಾರ್ಗೆಟ್ ಗ್ರಾಹಕರ ಕೈಯಲ್ಲಿದೆ. ಕ್ಲೈಂಟ್ ಒಬ್ಬ ಹೆಗಲ ಮೇಲೆ ಕೈಯಿಟ್ಟು ಮಾತನಾಡಿದಾಗ, ಊಟದ ಮೇಜಿನಲ್ಲಿ ಆಕೆಯ ಉಡುಪಿನ ಬಗ್ಗೆ ನುಡಿದಾಗ, ರಾತ್ರಿ ಹನ್ನೊಂದಕ್ಕೆ ‘ಎದ್ದಿದ್ದೀರಾ’ ಎಂದು ಸಂದೇಶ ಕಳಿಸಿದಾಗ, ಆಕೆಗೆ ತನ್ನ ಕಚೇರಿಯಲ್ಲಿ ಸಿಗುವ ಮಾತು ಬಹುತೇಕ ಒಂದೇ: “ಅವರು ಸ್ವಲ್ಪ ಹಾಗೇ ಮೇಡಂ, ಈ ಕ್ವಾರ್ಟರ್ ಮುಗಿಯೋವರೆಗೆ ಅಡ್ಜಸ್ಟ್ ಮಾಡ್ಕೊಳ್ಳಿ.” ಈ ಮಾತನ್ನಾಡುವ ಮ್ಯಾನೇಜರ್ ದುಷ್ಟನಾಗಿರಬೇಕಿಲ್ಲ, ತನ್ನ ತಂಡದ ಕೆಲಸ ಉಳಿಸಿಕೊಳ್ಳುವ ಒತ್ತಡದಲ್ಲಿರುವ ಸಾಧಾರಣ ಮನುಷ್ಯನೇ ಆಗಿರಬಹುದು. ಆದರೆ ಆತ ಆ ಕ್ಷಣದಲ್ಲಿ ಕಾನೂನು ತನ್ನ ಸಂಸ್ಥೆಗೆ ವಹಿಸಿದ ಹೊಣೆಯನ್ನು ನಿರಾಕರಿಸುತ್ತಿರುತ್ತಾನೆ.

ಆ ಹೊಣೆ ಕಾಯ್ದೆಯ 19ನೆಯ ಕಲಮಿನಲ್ಲಿದೆ. ಕೆಲಸದ ಸ್ಥಳದಲ್ಲಿ ಸಂಪರ್ಕಕ್ಕೆ ಬರುವ ಎಲ್ಲ ವ್ಯಕ್ತಿಗಳಿಂದಲೂ ಸುರಕ್ಷತೆ ಒದಗಿಸುವುದು ಉದ್ಯೋಗದಾತರ ಕರ್ತವ್ಯ. ಆಕೆ ಪೊಲೀಸರಿಗೆ ದೂರು ಕೊಡಲು ಬಯಸಿದರೆ ನೆರವಾಗುವುದೂ ಕರ್ತವ್ಯ. ಕಿರುಕುಳ ಕೊಟ್ಟವನು ತನ್ನ ನೌಕರನಲ್ಲದಿದ್ದರೂ ಆಕೆ ಇಚ್ಛಿಸಿದಲ್ಲಿ ಕ್ರಿಮಿನಲ್ ಕ್ರಮಕ್ಕೆ ಮುಂದಾಗುವುದೂ ಕರ್ತವ್ಯ. ಹೀಗಿದ್ದರೂ ಒಂದು ತಾಂತ್ರಿಕ ತಕರಾರು ಬಹಳ ಕಾಲ ಉಳಿದಿತ್ತು. ‘ಆರೋಪಿ ಬೇರೆ ಕಂಪನಿಯವನು, ನಮ್ಮ ಸಮಿತಿ ಆತನನ್ನು ವಿಚಾರಿಸಲಾಗದು, ಆತನ ಕಂಪನಿಯ ಸಮಿತಿಗೇ ಹೋಗಿ’ ಎಂದು ಆಕೆಯನ್ನು ಸಾಗಹಾಕಬಹುದಿತ್ತು. ಅಂದರೆ ಕ್ಲೈಂಟ್ ಕಂಪನಿಯ ಕಚೇರಿಗೆ ಒಬ್ಬಳೇ ಹೋಗಿ, ಅವರದೇ ಹಿರಿಯ ಅಧಿಕಾರಿಯ ಮೇಲೆ, ಅವರದೇ ಸದಸ್ಯರಿರುವ ಸಮಿತಿಯ ಮುಂದೆ ಹೇಳಿಕೆ ಕೊಡಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ತಕರಾರನ್ನು ತಳ್ಳಿಹಾಕಿತು. ಒಂದು ಇಲಾಖೆಯ ಮಹಿಳಾ ಅಧಿಕಾರಿ ಇನ್ನೊಂದು ಇಲಾಖೆಯ ಅಧಿಕಾರಿಯ ಮೇಲೆ ಕೊಟ್ಟ ದೂರಿನ ಪ್ರಕರಣವದು. ನೊಂದ ಮಹಿಳೆಯ ಕೆಲಸದ ಸ್ಥಳದ ಸಮಿತಿಯೇ ಬೇರೆಡೆಯ ನೌಕರನ ವಿರುದ್ಧದ ದೂರನ್ನು ವಿಚಾರಿಸಬಹುದು, ಆತನ ಉದ್ಯೋಗದಾತರು ವಿಚಾರಣೆಗೆ ಸಹಕರಿಸಬೇಕು, ವರದಿಯ ಮೇಲಿನ ಕ್ರಮ ಅವರಿಂದ ಆಗಬೇಕು ಎಂಬುದು ತೀರ್ಪಿನ ಸಾರ. ಪ್ರಕರಣ ಸರ್ಕಾರಿ ಇಲಾಖೆಗಳದ್ದಾದರೂ ಕಾಯ್ದೆಯ ಅರ್ಥ ವಿವರಣೆ ಎಲ್ಲರಿಗೂ ಒಂದೇ. ಕ್ಲೈಂಟ್‌ಗಳೊಡನೆ ದಿನವಿಡೀ ಕೆಲಸ ಮಾಡುವ ಈ ನಗರಕ್ಕೆ ಇದಕ್ಕಿಂತ ಮುಖ್ಯವಾದ ತೀರ್ಪು ಈಚಿನ ವರ್ಷಗಳಲ್ಲಿ ಬಂದಿಲ್ಲ ಎಂದು ನಾನು ತಿಳಿದಿದ್ದೇನೆ. ಎಷ್ಟು ಕಂಪನಿಗಳ ತರಬೇತಿಯಲ್ಲಿ ಇದು ಸೇರಿದೆ ಎಂದು ನೌಕರರೇ ತಮ್ಮ ಎಚ್‌ಆರ್ ವಿಭಾಗವನ್ನು ಕೇಳಬೇಕು.

ದೂರು ಕೊಟ್ಟ ಮೇಲೆ ಸಾಮಾನ್ಯವಾಗಿ ನಡೆಯುವ ಒಂದು ಕ್ರಮವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸಂಸ್ಥೆ ಆಕೆಯನ್ನು ‘ಆಕೆಯ ಸುರಕ್ಷತೆಗಾಗಿ’ ಆ ಪ್ರಾಜೆಕ್ಟಿನಿಂದ ತೆಗೆದು ಬೆಂಚ್‌ಗೆ, ಅಂದರೆ ಪ್ರಾಜೆಕ್ಟಿಲ್ಲದೆ ಕಾಯುವವರ ಸಾಲಿಗೆ, ಹಾಕುತ್ತದೆ, ಸಭೆಗೆ ಬೇರೊಬ್ಬ ಗಂಡಸು ಹೋಗುತ್ತಾನೆ, ವಿಷಯ ಮುಗಿಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆಕೆ ಕಟ್ಟಿದ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಅಪ್ರೈಸಲ್ ವೇಳೆ ಆ ಅರ್ಧ ವರ್ಷ ಖಾಲಿ ಕಾಣುತ್ತದೆ. ಕಾಯ್ದೆಯ 12ನೆಯ ಕಲಮು ವಿಚಾರಣೆ ನಡೆಯುವಾಗ ವರ್ಗಾವಣೆಗೆ ಅವಕಾಶ ಕೊಟ್ಟಿರುವುದು ನೊಂದ ಮಹಿಳೆ ಬರಹದಲ್ಲಿ ಕೋರಿದಾಗ ಮಾತ್ರ, ಮತ್ತು ವರ್ಗಾಯಿಸಬೇಕಾದವರು ಆರೋಪಿಯೂ ಆಗಿರಬಹುದು. ಆದ್ದರಿಂದ ಸಂಸ್ಥೆ ಮೊದಲು ಕೇಳಬೇಕಾದದ್ದು ಕ್ಲೈಂಟ್ ಕಂಪನಿಯನ್ನು: ನಿಮ್ಮ ಕಡೆಯಿಂದ ಸಭೆಗೆ ಬರುವ ವ್ಯಕ್ತಿಯನ್ನು ಬದಲಿಸಿ ಎಂದು. ಈ ಪತ್ರವನ್ನು ಬರೆಯಬೇಕಾದವರು ಮ್ಯಾನೇಜರ್ ಅಥವಾ ಅವರ ಮೇಲಿನವರು. ಆ ಕೆಲಸವನ್ನು ಆಕೆಯ ತಲೆಗೆ ಕಟ್ಟಬಾರದು. ಒಪ್ಪಂದದಲ್ಲಿಯೇ ಇಂಥ ಷರತ್ತೊಂದಿದ್ದರೆ ಪತ್ರ ಬರೆಯುವವರ ಕೈ ಬಲವಾಗುತ್ತದೆ. ಗೋಪ್ಯತೆ, ಪಾವತಿ, ದತ್ತಾಂಶ ರಕ್ಷಣೆಗಳಿಗೆ ಪುಟಗಟ್ಟಲೆ ಷರತ್ತು ಬರೆಯುವ ಕಾನೂನು ವಿಭಾಗಗಳಿಗೆ ಇನ್ನೊಂದು ಪರಿಚ್ಛೇದ ಭಾರವಾಗಲಾರದು.

ಕೋಣೆಯಲ್ಲಿರುವ ಎರಡನೆಯ ವ್ಯಕ್ತಿಯ ಪಾತ್ರಕ್ಕೆ ನಮ್ಮ ತರಬೇತಿಗಳು ಕೊಡುವ ಜಾಗ ತೀರಾ ಕಡಿಮೆ. ಸಂದರ್ಶನದ ಪ್ಯಾನೆಲ್‌ನಲ್ಲಿ ಇಬ್ಬರಿದ್ದಾಗ ಒಬ್ಬ ಗೆರೆ ದಾಟಿದರೆ, ಇನ್ನೊಬ್ಬರು “ಇದು ಬೇಡ, ಮುಂದಿನ ಪ್ರಶ್ನೆಗೆ ಹೋಗೋಣ” ಎಂದರೆ ಸಾಕು, ಅಭ್ಯರ್ಥಿ ಎದುರಿಸಬೇಕಾದ ಕಷ್ಟದ ಮುಕ್ಕಾಲು ಪಾಲು ಇಲ್ಲವಾಗುತ್ತದೆ. ಕ್ಲೈಂಟ್ ಸಭೆಯಲ್ಲಿ ಮ್ಯಾನೇಜರ್ ನಗದೆ ವಿಷಯಕ್ಕೆ ಮರಳಿದರೆ, ಊಟದ ನಂತರದ ‘ಇನ್ನೊಂದು ಸುತ್ತಿಗೆ’ ಆಕೆ ಬರುವುದಿಲ್ಲ ಎಂದು ತಾವೇ ಹೇಳಿದರೆ, ಸಂದೇಶ ತಲುಪಬೇಕಾದವರಿಗೆ ತಲುಪುತ್ತದೆ. ಬೇಡ ಎನ್ನಲು ಅಭ್ಯರ್ಥಿಗೆ ತಗಲುವ ಬೆಲೆ ಒಂದು ಕೆಲಸ. ಅದೇ ಮಾತನ್ನು ಆಡಲು ಪಕ್ಕದಲ್ಲಿ ಕುಳಿತವರಿಗೆ ತಗಲುವ ಬೆಲೆ ಕ್ಷಣಹೊತ್ತಿನ ಇರುಸುಮುರುಸು. ಹೊಣೆಯನ್ನು ಯಾರ ಮೇಲೆ ಹೊರಿಸಬೇಕೆಂಬುದು ಈ ಅಂತರದಿಂದಲೇ ತೀರ್ಮಾನವಾಗಬೇಕು.

ವರ್ತನೆ ಅಪರಾಧದ ಮಟ್ಟ ತಲುಪಿದಾಗ ಸಮಿತಿಯ ದಾರಿಯ ಜೊತೆಗೆ ಪೊಲೀಸ್ ದಾರಿಯೂ ತೆರೆದಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 75ನೆಯ ಕಲಮು ಲೈಂಗಿಕ ಕಿರುಕುಳಕ್ಕೆ, 78ನೆಯದು ಬೆನ್ನುಹತ್ತಿ ಕಾಡುವುದಕ್ಕೆ, 79ನೆಯದು ಮಹಿಳೆಯ ಮಾನಕ್ಕೆ ಕುಂದು ತರುವ ಮಾತು ಮತ್ತು ಸನ್ನೆಗಳಿಗೆ ಸಂಬಂಧಿಸಿದ್ದು. ಬೇಡದ ಸ್ಪರ್ಶ ಅಥವಾ ಲೈಂಗಿಕ ಬೇಡಿಕೆಗೆ ಮೂರು ವರ್ಷಗಳವರೆಗೆ, ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ ಶಿಕ್ಷೆಯುಂಟು. ಸಭೆ ಬೇರೆ ಊರಿನಲ್ಲಿ ನಡೆದಿದ್ದರೂ ಇಲ್ಲಿನ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಪುರುಷ ಅಭ್ಯರ್ಥಿಗಳಿಗೆ 2013ರ ಕಾಯ್ದೆಯ ರಕ್ಷಣೆ ಇಲ್ಲ. ಸಂಸ್ಥೆಯ ಆಂತರಿಕ ನೀತಿ ಎಲ್ಲ ಲಿಂಗದವರನ್ನೂ ಒಳಗೊಂಡಿದ್ದರೆ ಅವರಿಗೆ ಅದೇ ಆಧಾರ. ಲಿಂಗತ್ವ ಅಲ್ಪಸಂಖ್ಯಾತರಿಗೆ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂದು 2019ರ ಕಾಯ್ದೆ ಹೇಳುತ್ತದೆ. ಈ ಖಾಲಿ ಜಾಗಗಳನ್ನು ತುಂಬುವುದು ಶಾಸನಸಭೆಗಳ ಕೆಲಸ, ಆದರೆ ಅದಕ್ಕಾಗಿ ಕಾಯದೆ ತಮ್ಮ ನೀತಿಯನ್ನು ವಿಸ್ತರಿಸಿಕೊಳ್ಳಲು ಯಾವ ಕಂಪನಿಗೂ ಅಡ್ಡಿಯಿಲ್ಲ.

ದೂರು ಕೊಟ್ಟರೆ ಈ ಊರಿನಲ್ಲಿ ಇನ್ನೆಲ್ಲೂ ಕೆಲಸ ಸಿಗದು ಎಂಬ ಭಯ ನಿಜವಾದದ್ದು. ಎಚ್‌ಆರ್‌ಗಳು ಒಬ್ಬರಿಗೊಬ್ಬರು ಪರಿಚಿತರು, ಕನ್ಸಲ್ಟೆನ್ಸಿಗಳು ಹಲವು ಕಂಪನಿಗಳಿಗೆ ಆಳು ಕಳಿಸುತ್ತವೆ. ಕಾಯ್ದೆಯ 16ನೆಯ ಕಲಮು ದೂರುದಾರಳ ಹೆಸರು, ವಿಚಾರಣೆಯ ವಿವರ ಯಾವುದೂ ಹೊರಬೀಳಬಾರದೆನ್ನುತ್ತದೆ. ದೂರನ್ನು ಸಾಬೀತುಪಡಿಸಲಾಗದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ ಎಂದು 14ನೆಯದು ಹೇಳುತ್ತದೆ. ಪರಿಹಾರ ನಿಗದಿ ಮಾಡುವಾಗ ಕೈತಪ್ಪಿದ ವೃತ್ತಿ ಅವಕಾಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು 15ನೆಯದು ಹೇಳುತ್ತದೆ. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಕಾಯ್ದೆಯನ್ನು ಪಾಲಿಸದ ಸಂಸ್ಥೆಗೆ ಮೊದಲ ಸಲ ವಿಧಿಸಬಹುದಾದ ದಂಡ ಹೆಚ್ಚೆಂದರೆ 50,000 ರೂಪಾಯಿ. ಕೋಟಿಗಳ ಲೆಕ್ಕದ ಕ್ಲೈಂಟ್ ಒಪ್ಪಂದವೊಂದನ್ನು ಎದುರಿಗಿಟ್ಟುಕೊಂಡ ಸಂಸ್ಥೆಗೆ ಆ ಮೊತ್ತ ಹೆದರಿಕೆ ಹುಟ್ಟಿಸುವುದಿಲ್ಲ. ಅದಕ್ಕಿಂತ ಹೆಚ್ಚು ಕೆಲಸ ಮಾಡಬಹುದಾದದ್ದು 2025ರ ಜುಲೈನಿಂದ ಬಂದಿರುವ ನಿಯಮ: ಕಂಪನಿಗಳು ತಮ್ಮ ನಿರ್ದೇಶಕ ಮಂಡಳಿಯ ವಾರ್ಷಿಕ ವರದಿಯಲ್ಲಿ ಬಂದ ದೂರುಗಳೆಷ್ಟು, ಇತ್ಯರ್ಥವಾದವೆಷ್ಟು, 90 ದಿನ ದಾಟಿ ಉಳಿದವೆಷ್ಟು ಎಂದು ಸಂಖ್ಯೆ ಕೊಡಬೇಕಾಗಿದೆ. ಆ ಸಂಖ್ಯೆಯೊಳಗೆ ಅಭ್ಯರ್ಥಿಗಳ ದೂರು, ಕ್ಲೈಂಟ್‌ಗಳ ಮೇಲಿನ ದೂರುಗಳು ಸೇರಬೇಕಾದರೆ ಅವು ಮೊದಲು ದಾಖಲಾಗಬೇಕು. ದಾಖಲಾಗಲು ಬೇಕಿರುವುದು ಸಂದರ್ಶನದ ಕರೆಪತ್ರದ ಕೊನೆಯಲ್ಲಿ ಎರಡು ಸಾಲು: ಆಂತರಿಕ ಸಮಿತಿಯ ಅಧ್ಯಕ್ಷೆಯ ಹೆಸರು, ಹೊರಗಿನವರೂ ಬರೆಯಬಹುದಾದ ಮಿಂಚಂಚೆ ವಿಳಾಸ.